ಬಾಗಿಲಿಗೆ ಅಡ್ಡ ಮಲಗುತ್ತಿದ್ದ ಅಪ್ಪ: ಮಗು ಬಂದ ಮೇಲೆ ನಿಮ್ಮಪ್ಪನ ಬಗ್ಗೆ ನಿಮಗೇನು ಗೊತ್ತಾಯ್ತು?

ಗಂಗಮ್ಮನಗುಡಿ ರಸ್ತೆ

ನಮ್ಮ ಮಗಳಿಗೆ ಏಳು ತಿಂಗಳು ತುಂಬ್ತಾ ಬಂತು. ಹೆಂಡತಿಯ 26 ವಾರದ ಹೆರಿಗೆ ರಜೆ ಮುಗಿದಿದೆ. ನನ್ನ ಕಂಪನಿ ಕೊಟ್ಟಿದ್ದ ಒಂದು ವಾರ ಆಸ್ಪತ್ರೆಯಲ್ಲೇ ಮುಗಿದುಹೋಗಿತ್ತು. ಕೇಂದ್ರ ಸರ್ಕಾರಿ ನೌಕರರಿಗೆ 1997ರಿಂದ 15 ದಿನದ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಕಾನೂನಿನಲ್ಲಿ ಅದೂ ಇಲ್ಲ, ಕಂಪನಿ ಮನಸ್ಸು ಮಾಡಿ ಕೊಟ್ಟಷ್ಟೇ. ಅವಳು ಬೆಳಗ್ಗೆ ಎಂಟಕ್ಕೆಲ್ಲ ವೈಟ್‌ಫೀಲ್ಡ್ ಕಡೆ ಹೊರಡಬೇಕು, ನನಗೆ ಸಂಜೆಯಿಂದ ಮಧ್ಯರಾತ್ರಿವರೆಗೂ ಕಾಲ್‌ಗಳು. ಅಪ್ಪ-ಅಮ್ಮ ಜೊತೆಗಿದ್ದಾರೆ ನಿಜ, ಆದರೆ ಅಮ್ಮನಿಗೆ ಮಂಡಿ ನೋವು, ಇಡೀ ದಿನ ಮಗು ಎತ್ತಿಕೊಂಡು ಓಡಾಡು ಅನ್ನೋಕಾಗಲ್ಲ. ಯಾರು ಯಾವ ಹೊತ್ತು ಮಗು ನೋಡ್ಕೋಬೇಕು ಅಂತ ಒಂದು ಭಾನುವಾರ ನಾವಿಬ್ಬರೂ ಲೆಕ್ಕ ಹಾಕ್ತಾ ಕೂತಿದ್ವಿ. ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದರು: "ನೀನು ರಾತ್ರಿ ಕೆಲಸಾನೇ ಇಟ್ಕೋ. ಹಗಲು ನೀನು ನೋಡ್ಕೋ. ನಾವೂ ಹಂಗೇ ಮಾಡಿದ್ದು."

ಏನು ಮಾಡಿದ್ರಿ ಅಂತ ಕೇಳಿದ್ದಕ್ಕೆ ಕಥೆ ಹೊರಗೆ ಬಂತು. ಅದೂ ಅಮ್ಮನ ಬಾಯಿಂದಲೇ ಜಾಸ್ತಿ.

ನಾನು ಹುಟ್ಟಿದ್ದು 1987ರಲ್ಲಿ. ಅಪ್ಪ ಜಾಲಹಳ್ಳಿ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಮಷಿನ್ ಶಾಪ್‌ನಲ್ಲಿದ್ದರು. ಅಮ್ಮ ಒಂದು ಖಾಸಗಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಆಗ 1961ರ ಕಾಯ್ದೆ ಪ್ರಕಾರ ಹೆರಿಗೆ ರಜೆ 12 ವಾರ, 26 ಆಗಿದ್ದು 2017ರಲ್ಲಿ. ಮೂರು ತಿಂಗಳು ತುಂಬೋ ಮೊದಲೇ ಅಮ್ಮ ಕೆಲಸಕ್ಕೆ ಹಾಜರಾಗಬೇಕಿತ್ತು. ಅಜ್ಜಿಯರಿಬ್ಬರೂ ಆಗಲೇ ತೀರಿಕೊಂಡಿದ್ದರು. ಅಪ್ಪ ಫೋರ್‌ಮನ್ ಹತ್ತಿರ ಹೋಗಿ ರಾತ್ರಿ ಪಾಳಿ ಹಾಕಿಸಿಕೊಂಡರು. ಬೆಳಗ್ಗೆ ಕಾರ್ಖಾನೆ ಬಸ್ ಇಳಿಯೋ ಹೊತ್ತಿಗೆ ಅಮ್ಮ ನನ್ನನ್ನು ಎತ್ಕೊಂಡು ಸ್ಟಾಪ್‌ನಲ್ಲೇ ನಿಂತಿರುತ್ತಿದ್ದರಂತೆ. ಅಲ್ಲೇ ಮಗು ಕೈ ಬದಲಾಗುತ್ತಿತ್ತು. ಬಾಟಲಿ ಎಲ್ಲಿದೆ, ರಾತ್ರಿ ಎಷ್ಟು ಸಲ ಎದ್ದ, ಅಷ್ಟೇ ಮಾತು. ಅಮ್ಮ ತಮ್ಮ ಬಸ್ಸಿಗೆ ಹೋಗೋರು.

ಇನ್ನು ಅಪ್ಪನ ಹಗಲು. ಸೂರಿನ ಕೊಂಡಿಗೆ ಅಮ್ಮನ ಹಳೇ ಸೀರೆಯ ಜೋಳಿಗೆ. ಅದಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ಅಪ್ಪನ ಕಾಲಿನ ಹೆಬ್ಬೆರಳಿಗೆ. ಚಾಪೆ ಮೇಲೆ ಮಲಗಿಕೊಂಡೇ ಕಾಲು ಆಡಿಸಿ ತೂಗುತ್ತಿದ್ದರು. ನಾನು ಹೊರಳಿದರೆ ಹಗ್ಗ ಜಗ್ಗಿ ಅವರಿಗೆ ಎಚ್ಚರ. ನನಗೆ ನಡೆಯೋಕೆ ಬಂದ ಮೇಲೆ ಚಾಪೆಯನ್ನು ಬಾಗಿಲಿಗೆ ಅಡ್ಡ ಹಾಸಿಕೊಂಡು ಮಲಗೋಕೆ ಶುರು ಮಾಡಿದರು. ಮುಂದೆ ರಸ್ತೆ, ಎದುರಿಗೆ ಚರಂಡಿ. ಚಿಲಕಕ್ಕೆ ನನ್ನ ಕೈ ಎಟುಕದಿದ್ದರೂ ಅವರಿಗೆ ಧೈರ್ಯ ಇರಲಿಲ್ಲ. ನಾನು ಆಚೆ ಹೋಗಬೇಕಾದರೆ ಅವರನ್ನು ದಾಟಿಕೊಂಡೇ ಹೋಗಬೇಕು.

ಆ ಚಾಪೆ ನನಗೆ ಚೆನ್ನಾಗಿ ನೆನಪಿದೆ. "ಅಪ್ಪ ಮಲಗವ್ರೆ, ಗಲಾಟೆ ಮಾಡಬೇಡ" ಅನ್ನೋ ಮಾತೂ ನೆನಪಿದೆ. ನನ್ನ ಬಾಲ್ಯದ ಅಪ್ಪ ಅಂದರೆ ಮಲಗಿರೋ ಅಪ್ಪ. ಅವರು ಅಲ್ಲಿ ಯಾಕೆ ಮಲಗಿದ್ದರು ಅಂತ ನನಗೆ ಗೊತ್ತಾಗೋಕೆ ನನ್ನ ಮಗಳೇ ಬರಬೇಕಾಯ್ತು. ಅಂದಿನಿಂದ ಇಡೀ ಬಾಲ್ಯವನ್ನು ಮತ್ತೊಮ್ಮೆ ನೋಡ್ತಿದ್ದೀನಿ.

ನಿಮ್ಮ ಮನೆಗಳಲ್ಲೂ ಇಂಥದ್ದು ಇರಬೇಕು. ಅಪ್ಪ ತುಂಬಾ ಒಳ್ಳೆಯವರು ಅಂತ ಬರೆದು ಬಿಡಬೇಡಿ. ಏನು ಮಾಡಿದ್ದರು, ಹೇಗೆ ಮಾಡಿದ್ದರು, ಅದನ್ನು ಹೇಳಿ.

ಹಳೇ ಫಿಟ್ಟರ್

ಮಗೂ, ನಿಮ್ಮಪ್ಪನಿಗೆ ನನ್ನ ನಮಸ್ಕಾರ ತಿಳಿಸು. ನಾನೂ ಕಾರ್ಖಾನೆಯವನೇ, ಈಗ ಎಪ್ಪತ್ತಮೂರು. ವಿಮಾನದ ಎಚ್‌ಎಎಲ್ 1940ರಲ್ಲಿ, ಟೆಲಿಫೋನ್ ಮಾಡೋ ಐಟಿಐ 1948ರಲ್ಲಿ, ಆಮೇಲೆ ಎಚ್‌ಎಂಟಿ, ಬಿಇಎಲ್ ಅಂತ ದೊಡ್ಡ ಸರ್ಕಾರಿ ಕಾರ್ಖಾನೆಗಳು ಬಂದವು. ಈ ಊರಿನ ಅರ್ಧ ಮನೆಗಳ ಗಡಿಯಾರ ನಡೀತಾ ಇದ್ದದ್ದೇ ಇವುಗಳ ಸೈರನ್‌ಗೆ. ರಾತ್ರಿ ಪಾಳಿ ಮಾಡಿ ಹಗಲು ಮಗು ನೋಡ್ಕೊಳ್ಳೋದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ನಾಲ್ಕು ಗಂಟೆ ನಿದ್ದೆ ಸಿಕ್ಕಿದ ದಿನ ಹಬ್ಬ. ಆ ನಿದ್ದೆಗಣ್ಣಲ್ಲಿ ಮಷಿನ್ ಮುಂದೆ ನಿಂತರೆ ಬೆರಳು ಹೋಗುತ್ತೆ, ನಾನು ಕಣ್ಣಾರೆ ಕಂಡಿದ್ದೀನಿ.

ನನ್ನದೂ ಒಂದು ಹೇಳ್ತೀನಿ. 1980ರ ಡಿಸೆಂಬರ್ ಕೊನೆಗೆ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಶುರುವಾಯ್ತು. ಇನ್ನೊಂದು ಸರ್ಕಾರಿ ಉದ್ದಿಮೆ ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಕೊಡಿ ಅನ್ನೋದು ಬೇಡಿಕೆ. ಲಕ್ಷಕ್ಕೂ ಹೆಚ್ಚು ಜನ ಹೊರಗೆ ಬಂದ್ವಿ, 77 ದಿನ ನಡೀತು. ಕೇಳಿದಷ್ಟು ಸಿಗಲಿಲ್ಲ. ಆಗ ನನ್ನ ಮಗಳಿಗೆ ಆರು ತಿಂಗಳು. ಹೆಂಡತಿಗೆ ಟೈಫಾಯಿಡ್ ಬಂದು ಎದೆಹಾಲು ನಿಂತುಹೋಗಿತ್ತು. ಜನವರಿ ಸಂಬಳ ಇಲ್ಲ, ಫೆಬ್ರವರಿ ಸಂಬಳ ಇಲ್ಲ. ದಿನಸಿ ಅಂಗಡಿಯವರು ಅಕ್ಕಿ-ಬೇಳೆ ಸಾಲ ಕೊಟ್ಟರು, ಆದರೆ ಹಾಲಿನ ಪುಡಿ ಡಬ್ಬ ಸಾಲಕ್ಕಿಲ್ಲ ಅಂದರು. ಮೊದಲನೇ ವರ್ಷದ ಬೋನಸ್‌ನಲ್ಲಿ ನಾನೊಂದು ಮೈಕ್ರೋಮೀಟರ್, ಅಂದರೆ ಕೂದಲೆಳೆಯಷ್ಟು ದಪ್ಪವನ್ನೂ ಅಳೆಯೋ ಉಪಕರಣ, ತಗೊಂಡಿದ್ದೆ, ನನ್ನ ಸ್ವಂತದ್ದು. ಅದನ್ನು ಗಿರವಿ ಅಂಗಡಿಗೆ ತಗೊಂಡು ಹೋದೆ. ಬಂಗಾರ ಬೆಳ್ಳಿ ಬಿಟ್ಟು ಬೇರೇನೂ ಇಟ್ಕೊಳ್ಳಲ್ಲ ಅಂದವನು ಪೆಟ್ಟಿಗೆ ತೆಗೆದು ನೋಡಿ, ಯಾಕಪ್ಪಾ ಅಂತ ಕೇಳಿ, ಇಟ್ಟುಕೊಂಡ. ಆಮೇಲೆ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ದಿನಗೂಲಿ ಮಾಡಿದೆ. ಏಪ್ರಿಲ್‌ನಲ್ಲಿ ಬಿಡಿಸಿಕೊಂಡೆ.

ಮಗಳಿಗೆ ಇದನ್ನು ನಾನಾಗಿ ಹೇಳಿರಲಿಲ್ಲ. ಅವಳಿಗೆ ಎರಡನೇ ಮಗುವಾದಾಗ ಬಾಣಂತನಕ್ಕೆ ಬಂದಿದ್ದಳು, ಅವರಮ್ಮ ಹೇಳಿಬಿಟ್ಟಳು. ಮಗಳು ಆ ಪೆಟ್ಟಿಗೆ ಹುಡುಕಿ ತೆಗೆದು ತುಂಬಾ ಹೊತ್ತು ಕೈಯಲ್ಲಿ ಹಿಡ್ಕೊಂಡಿದ್ದಳು.

ಆದರೆ ನನಗೂ ನನ್ನಪ್ಪ ಅರ್ಥ ಆಗಿದ್ದು ಹಾಗೇ. ಅವರು ಕಬ್ಬನ್‌ಪೇಟೆಯಲ್ಲಿ ಮಗ್ಗದ ಕೆಲಸ ಮಾಡ್ತಿದ್ದರು. ಮನೇಲಿ ಮಾತಾಡಿದರೆ ಕಿರಿಚಿದ ಹಾಗೆ. ನಾವು ಮಕ್ಕಳೆಲ್ಲ ಸದಾ ಬೈತಾರೆ ಅಂತಲೇ ಹೆದರಿಕೊಂಡು ಬೆಳೆದ್ವಿ. ವರ್ಷಗಟ್ಟಲೆ ಪವರ್‌ಲೂಮ್ ಪಕ್ಕ ನಿಂತು ಅವರ ಕಿವಿ ಹೋಗಿತ್ತು. ನಾನು ಪ್ರೆಸ್ ಶಾಪ್‌ನ ಗದ್ದಲದಲ್ಲಿ ಕೆಲಸ ಮಾಡಿ ಮನೆಗೆ ಬಂದು ಜೋರಾಗಿ ಮಾತಾಡಿದಾಗ ನನ್ನ ಮಗಳು ಬೆಚ್ಚಿದ್ದು ನೋಡಿ ನನಗೆ ಹೊಳೀತು. ಅಷ್ಟರಲ್ಲಿ ಅವರು ಇರಲಿಲ್ಲ.

ಬಸವನಗುಡಿ ಮಗಳು

ಎರಡೂ ಓದಿ ಕಣ್ಣು ತುಂಬಿತು. ಆದರೆ ಒಂದು ಮಾತು ಹೇಳದೆ ಇರೋಕಾಗ್ತಿಲ್ಲ. ಅಪ್ಪ ಮಗು ನೋಡಿಕೊಂಡರೆ ನಾವು ಮೂವತ್ತು ವರ್ಷ ಆದ ಮೇಲೂ ಹಾಡಿ ಹೊಗಳ್ತೀವಿ. ಹಾಲಿನ ಬಾಟಲಿ ಕುದಿಸಿಟ್ಟು, ಅಡುಗೆ ಮುಗಿಸಿ, ಬಸ್ ಸ್ಟಾಪ್‌ವರೆಗೆ ಮಗು ಎತ್ತಿಕೊಂಡು ಬಂದು, ಅಲ್ಲಿಂದ ಕೆಲಸಕ್ಕೆ ಹೋದ ಅಮ್ಮನ ಬಗ್ಗೆ ಒಂದು ಸಾಲು. ನಿಮ್ಮಮ್ಮನ ಮಂಡಿ ನೋವು ಎಲ್ಲಿಂದ ಬಂತು ಅಂತ ಕೇಳಿದ್ದೀರಾ?

ನಮ್ಮನೇಲಿ ಅಪ್ಪ ತುಂಬಾ ಪ್ರೀತಿಯವರು. ಕಡಲೆಕಾಯಿ ಪರಿಷೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋಗೋರು, ಬಾಲಭವನದ ರೈಲು ಹತ್ತಿಸೋರು. ನನ್ನ ನೆನಪುಗಳೆಲ್ಲ ಅವರವೇ. ನನಗೆ ಮಗ ಹುಟ್ಟಿದ ಮೇಲೆ ಲೆಕ್ಕ ಹಾಕಿ ನೋಡಿದೆ: ಪರಿಷೆ ವರ್ಷಕ್ಕೊಮ್ಮೆ ಕಾರ್ತಿಕದ ಕೊನೇ ಸೋಮವಾರ, ಅಮ್ಮನ ಎಣ್ಣೆ ನೀರು ಪ್ರತಿದಿನ. ಪ್ರತಿದಿನದ್ದು ಯಾರಿಗೂ ನೆನಪಿರಲ್ಲ.

ಗಂಗಮ್ಮನಗುಡಿ ರಸ್ತೆ

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅಮ್ಮನಿಗೆ ಓದಿ ಹೇಳಿದೆ. ಅವರು ಅಂದಿದ್ದನ್ನ ಹಾಗೇ ಬರೀತೀನಿ: "ನಾನು ಆರು ಗಂಟೆಗೆ ಬರೋ ಹೊತ್ತಿಗೆ ಅನ್ನಕ್ಕಿಟ್ಟಿರೋರು. ಸಾರು ಮಾಡೋಕೆ ಅವರಿಗೆ ಬರ್ತಿರಲಿಲ್ಲ. ಮಗೂಗೆ ಬಟ್ಟೆ ಒಗೆದು ಒಳಗೇ ಒಣಗಿಸೋರು, ಆಚೆ ಹಾಕಿದ್ರೆ ವಠಾರದವರು ನಗ್ತಾರೆ ಅಂತ." ಗಂಡಸು ಮಗುವಿನ ಬಟ್ಟೆ ಒಗೆದರೆ ನಗೋ ಕಾಲದಲ್ಲಿ ಒಗೆದರು ಅನ್ನೋದು ದೊಡ್ಡದು. ಅದನ್ನು ಬಚ್ಚಿಟ್ಟು ಒಣಗಿಸಬೇಕಾಗಿ ಬಂತಲ್ಲ, ಅದನ್ನು ಯೋಚಿಸಿದರೆ ಸಂಕಟ ಆಗುತ್ತೆ. ಈಗ ನಾನು ಬಾಲ್ಕನಿಯಲ್ಲೇ ಒಣಗಿಸ್ತೀನಿ.

ಮಂಡಿ ನೋವಿನ ಬಗ್ಗೆಯೂ ಕೇಳಿದೆ. ಪ್ಯಾಕಿಂಗ್‌ನಲ್ಲಿ ಕೂರೋಕೆ ಸ್ಟೂಲ್ ಕೊಡ್ತಿರಲಿಲ್ಲವಂತೆ.

ಮಕ್ಕಳ ವಾರ್ಡು

ನಾನು ನರ್ಸ್. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಕೆಲಸ. ಅಪ್ಪಂದಿರನ್ನು ಹತ್ತಿರದಿಂದ ನೋಡೋ ಅವಕಾಶ ನಮಗೆ ಸಿಗೋ ಹಾಗೆ ಬೇರೆಯವರಿಗೆ ಸಿಗಲ್ಲ.

ಕಾಂಗರೂ ಆರೈಕೆ ಕೇಳಿರ್ತೀರಿ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು. ಇನ್‌ಕ್ಯುಬೇಟರ್ ಸಾಲದೆ ಇದ್ದಾಗ ಮಗುವನ್ನು ತಾಯಿಯ ಎದೆಗೆ ಬರಿಮೈಗೆ ಬರಿಮೈ ತಾಗೋ ಹಾಗೆ ಕಟ್ಟಿ ಬೆಚ್ಚಗಿಟ್ಟರು. ಮಗುವಿನ ಮೈಶಾಖ ಸರಿಯಾಗಿರುತ್ತೆ, ಸೋಂಕು ಕಡಿಮೆಯಾಗುತ್ತೆ, ತೂಕ ಏರುತ್ತೆ. ತಾಯಿಗೆ ಆಗದಿದ್ದಾಗ ಅಪ್ಪ ಮಾಡಬಹುದು, ಮನೆಯ ಇನ್ಯಾರಾದರೂ ಆರೋಗ್ಯವಂತರು ಮಾಡಬಹುದು. ಮೊದಮೊದಲು ಅಪ್ಪಂದಿರು ಷರ್ಟ್ ಬಿಚ್ಚೋಕೆ ನಾಚ್ತಾರೆ. ಕೂತ ಮೇಲೆ ಎಬ್ಬಿಸೋದೇ ಕಷ್ಟ.

ಒಂದು ಸಲ ಅವಳಿ ಮಕ್ಕಳು, ಎರಡೂ ಒಂದೂವರೆ ಕೆಜಿ ಆಸುಪಾಸು. ತಾಯಿ ಇನ್ನೂ ಐಸಿಯುನಲ್ಲಿ. ಅಪ್ಪ ಒಂದು ಮಗು ಕಟ್ಟಿಕೊಂಡು ಕೂತಿದ್ದ. ಇನ್ನೊಂದಕ್ಕೆ ಯಾರು? ಹುಡುಗನ ಅಪ್ಪ, ಅಂದರೆ ತಾತ, ದಿನವಿಡೀ ಗಾಜಿನ ಆಚೆ ನಿಂತಿರೋರು. ಅವರೇ ಬಂದು ಕೇಳಿದರು, "ಸಿಸ್ಟರ್, ನಾನು ಕೂರಬಹುದಾ? ಬೀಡಿ ಸೇದಲ್ಲ, ಯಾವ ಕಾಯಿಲೆಯೂ ಇಲ್ಲ." ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಮೊಣಕೈವರೆಗೆ ಕೈ ತೊಳೆಸಿ ಕೂರಿಸಿದೆವು. ಅಪ್ಪ-ಮಗ ಪಕ್ಕಪಕ್ಕದ ಕುರ್ಚಿಯಲ್ಲಿ, ಇಬ್ಬರ ಎದೆ ಮೇಲೂ ಒಂದೊಂದು ಮಗು. ಮಗನಿಗೆ ಮಗುವಿನ ತಲೆ ಹೇಗೆ ತಿರುಗಿಸಬೇಕು ಗೊತ್ತಾಗ್ತಿರಲಿಲ್ಲ. ತಾತ ನಾವು ಹೇಳಿಕೊಟ್ಟಿದ್ದನ್ನು ಮಗನಿಗೆ ಹೇಳಿಕೊಟ್ಟರು, ಮೂಗು ಮುಚ್ಚಬಾರದು, ಕತ್ತು ಬಗ್ಗಬಾರದು ಅಂತ. ಆಮೇಲೆ ಆ ಹುಡುಗ ನನ್ನ ಹತ್ತಿರ ಹೇಳಿದ: ಅಪ್ಪ ನನ್ನ ಜೊತೆ ಇಷ್ಟು ಹೊತ್ತು ಒಂದೇ ಕಡೆ ಕೂತಿದ್ದು ಇದೇ ಮೊದಲು.

ಮಕ್ಕಳಿಬ್ಬರೂ ಚೆನ್ನಾಗಿದ್ದಾರೆ.

ಮಾಗಡಿ ರೋಡ್ ಆಟೋ

ನಮ್ದು ಮಾಗಡಿ ತಾವ ಹಳ್ಳಿ. ನಾನು ಇಲ್ಲಿ ಆಟೋ ಓಡಿಸ್ತೀನಿ. ನಾನು ಬೆಂಗ್ಳೂರಿಗೆ ಬಂದ್ ಹೊಸದ್ರಲ್ಲಿ ರೂಮಲ್ಲಿದ್ದಾಗ ನಮ್ಮಪ್ಪ ರಾಗಿ ಮೂಟೆ ಬಸ್ ಮೇಲಾಕ್ಕೊಂಡು ತರೋನು. ಮಾರ್ಕೆಟ್‌ನಲ್ಲಿ ಇಳ್ದು ಆಟೋ ಮಾಡದೆ ತಲೆ ಮೇಲಿಟ್ಕಂಡು ನಡ್ಕಂಡ್ ಬರೋನು. ರೂಮಿನವ್ರೆಲ್ಲ ನೋಡ್ತಾರೆ, ನಂಗೆ ನಾಚ್ಕೆ. ನೀರು ಕುಡ್ದು ಹತ್ ನಿಮಿಷ ಕೂತು ವಾಪಸ್ ಹೊಂಟೋಗೋನು. ಉಳ್ಕೋ ಅಂದ್ರೆ ದನ ಅವೆ ಅನ್ನೋನು.

ಈಗ ನನ್ ಮಗಳು ಹಾಸ್ಟೆಲ್‌ನಲ್ಲವ್ಳೆ. ಮೊನ್ನೆ ನೋಡೋಕೆ ಹೋಗಿದ್ದೆ, ಗೇಟಲ್ಲೇ ಹತ್ ನಿಮಿಷ ಮಾತಾಡಿ ಬಂದೆ. ವಾಪಸ್ ಬರ್ತಾ ತಿಳೀತು, ನಮ್ಮಪ್ಪ ರಾಗಿ ಕೊಡಕ್ಕಲ್ಲ ಬತ್ತಾ ಇದ್ದಿದ್ದು. ರಾಗಿ ಇಲ್ಲೂ ಸಿಗ್ತಿತ್ತು.

ಪೀಣ್ಯ ಎರಡನೇ ಹಂತ

ಎಲ್ಲರ ಅಪ್ಪಂದಿರಿಗೂ ಗೌರವ ಇಟ್ಟುಕೊಂಡೇ ಬರೀತಿದ್ದೀನಿ. ನನ್ನ ಅನುಭವ ಬೇರೆ. ನನಗೆ ಮಗ ಹುಟ್ಟಿದ ಮೇಲೆ ಅಪ್ಪನ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಜಾಸ್ತಿಯಾಯ್ತು.

ಅವರು ಕುಡೀತಿದ್ದರು. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸಂಬಳದ ದಿನ ಫ್ಯಾಕ್ಟರಿ ಗೇಟ್ ಹತ್ತಿರ ಅಪ್ಪ ಬಂದು ನಿಂತಿರುತ್ತಿದ್ದರು. ಚಿಕ್ಕವಳಾಗಿದ್ದಾಗ ನಾನೇ ಸಮಾಧಾನ ಮಾಡ್ಕೊಳ್ತಿದ್ದೆ, ಅವರಿಗೆ ಏನೋ ಕಷ್ಟ ಇರಬೇಕು ಅಂತ. ಈಗ ನನ್ನ ಮಗ ರಾತ್ರಿ ಜ್ವರ ಬಂದು ನರಳಿದರೆ ನನಗೆ ಒಂದು ಕ್ಷಣ ಕೂರೋಕಾಗಲ್ಲ. ಇಷ್ಟು ಚಿಕ್ಕ ಜೀವ ಮನೇಲಿರುವಾಗ ಆ ಮನುಷ್ಯ ಹೇಗೆ ಎದ್ದು ಹೋಗ್ತಿದ್ದರು? ಅಪ್ಪ ಆದವರಿಗೆ ಅಪ್ಪನ ಕಷ್ಟ ಗೊತ್ತಾಗುತ್ತೆ ಅಂತಾರೆ. ಮಗು ಎಷ್ಟು ಅಸಹಾಯಕ ಅನ್ನೋದೂ ಗೊತ್ತಾಗುತ್ತೆ. ನನ್ನ ಪಾಲಿಗೆ ಅದೇ ಹೆಚ್ಚು ಗೊತ್ತಾಯ್ತು.

ನನಗೆ ಅಪ್ಪನ ಕೆಲಸ ಮಾಡಿದವರು ನನ್ನ ಸೋದರಮಾವ. ಅವರಿಗೆ ಮದುವೆಯಾಗಿರಲಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಫೀಸ್, ಅವೆನ್ಯೂ ರೋಡಿನ ಹಳೇ ಪುಸ್ತಕ, ಟೈಫಾಯಿಡ್ ಬಂದಾಗ ಆಸ್ಪತ್ರೆಯ ರಾತ್ರಿಗಳು, ಎಲ್ಲ ಅವರೇ. ಮಗನ ನಾಮಕರಣದಲ್ಲಿ ತೊಟ್ಟಿಲ ಪಕ್ಕ ಅವರನ್ನೇ ನಿಲ್ಲಿಸಿದೆ. ನೆಂಟರಲ್ಲಿ ಕೆಲವರು ಮಾತಾಡಿಕೊಂಡರು. ಮಾತಾಡಿಕೊಳ್ಳಲಿ.

ಹಳೇ ಫಿಟ್ಟರ್

ತಾಯೀ, ನೀನು ಬರೆದಿದ್ದು ಇಲ್ಲಿ ಇರಲೇಬೇಕಿತ್ತು. ಮುಷ್ಕರ ಮುಗಿದ ಮೇಲೆ ಸಾಲಕ್ಕೆ ಹೆದರಿ ಕುಡಿತಕ್ಕೆ ಬಿದ್ದವರನ್ನು ನಮ್ಮ ಶಾಪ್‌ನಲ್ಲೇ ನೋಡಿದ್ದೀನಿ. ಅವರ ಕಷ್ಟ ನನಗೆ ಗೊತ್ತು, ಆದರೂ ಅದು ಅವರ ಮಕ್ಕಳು ಹೊರಬೇಕಾದ ಹೊರೆ ಅಲ್ಲ. ನಿಮ್ಮ ಮಾವ ಚೆನ್ನಾಗಿರಲಿ.

ಗಂಗಮ್ಮನಗುಡಿ ರಸ್ತೆ

ಅಕ್ಕ, ನಿಮ್ಮ ಮಾವನ ಬಗ್ಗೆ ಇನ್ನೂ ಬರೀರಿ, ಯಾವಾಗಲಾದರೂ. ಹೆತ್ತವರೇ ಆಗಬೇಕು ಅಂತ ನಾನು ಅಂದುಕೊಂಡಿಲ್ಲ. ಮಗುವಿಗೋಸ್ಕರ ನಿದ್ದೆಗೆಟ್ಟವರು ಯಾರೋ ಅವರು.

ಆರ್.ಟಿ. ನಗರ ಹೊಸ ಅಪ್ಪ

ಒಂದು ಪ್ರಶ್ನೆ. ಇದನ್ನೆಲ್ಲ ಅಪ್ಪನಿಗೆ ಹೇಳೋದು ಹೇಗೆ? ನಮ್ಮ ಮನೇಲಿ ಅಂಥ ಮಾತು ಬಳಕೆಯಲ್ಲೇ ಇಲ್ಲ. ಎದುರಿಗೆ ಕೂತರೆ ಮಳೆ, ಟ್ರಾಫಿಕ್, ಕರೆಂಟ್ ಬಿಲ್ಲು ಬಿಟ್ಟು ಮುಂದಕ್ಕೆ ಹೋಗಲ್ಲ. ಥ್ಯಾಂಕ್ಸ್ ಅಂದರೆ ಅವರೇ ಗಾಬರಿಯಾಗ್ತಾರೆ.

ಬಸವನಗುಡಿ ಮಗಳು

ಥ್ಯಾಂಕ್ಸ್ ಹೇಳಬೇಡಿ, ಪ್ರಶ್ನೆ ಕೇಳಿ. ನಾನು ಹುಟ್ಟಿದ ದಿನ ನೀವು ಎಲ್ಲಿದ್ದಿರಿ, ಆಸ್ಪತ್ರೆಗೆ ಯಾವುದರಲ್ಲಿ ಹೋದಿರಿ, ದುಡ್ಡು ಯಾರು ಕೊಟ್ಟರು. ನಮ್ಮಪ್ಪ ನನ್ನನ್ನು ಪ್ರೀತಿಸ್ತೀನಿ ಅಂತ ಯಾವತ್ತೂ ಹೇಳಿಲ್ಲ, ಆದರೆ ಬಜಾಜ್ ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ದು, ಬರೋ ಹೊತ್ತಿಗೆ ನಾನು ಹುಟ್ಟಿ, ಮುಂದೆ ನಿಲ್ಲೋ ಮಗುವಿಗೆ ಗಾಳಿ ಹೊಡೆಯದಿರಲಿ ಅಂತ ಮುಂದೆ ಗಾಜು ಹಾಕಿಸಿದ್ದು, ಎಲ್ಲ ಒಂದೂ ಬಿಡದೆ ಹೇಳಿದರು. ಕೇಳೋರಿದ್ದರೆ ಅವರ ಹತ್ತಿರ ಮಾತಿದೆ.

ಮಕ್ಕಳ ವಾರ್ಡು

ಮಗು ಅವರ ಕೈಗೆ ಕೊಟ್ಟು ಪಕ್ಕ ಕೂತ್ಕೊಳ್ಳಿ. ಫೋಟೋ ತೆಗೀಬೇಡಿ. ಅರ್ಧ ಗಂಟೆಯಲ್ಲಿ ತಾವೇ ಶುರು ಮಾಡ್ತಾರೆ.

ರಾಜಾಜಿನಗರ ಆರನೇ ಬ್ಲಾಕ್

ಮಾತು ಬರದವರಿಗೆ ಕೆಲಸ ಇದೆ. ನಿಮ್ಮಪ್ಪ ಖಾಸಗಿ ಕಾರ್ಖಾನೆಯಿಂದ ನಿವೃತ್ತರಾಗಿ ಇಪಿಎಸ್-95 (ಪಿಎಫ್ ಕಚೇರಿ ಕೊಡೋ ನೌಕರರ ಪಿಂಚಣಿ) ತಗೊಳ್ತಿದ್ದರೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತೆ. ಎಷ್ಟೋ ಹಿರಿಯರು ಎರಡು ಬಸ್ ಬದಲಿಸಿ ಹೋಗಿ ಸಾಲಲ್ಲಿ ನಿಲ್ತಾರೆ. ಬೆರಳಚ್ಚು ಸವೆದುಹೋಗಿ ಯಂತ್ರ ತಗೊಳ್ಳಲ್ಲ. ಯಂತ್ರದ ಕೆಲಸ ಮಾಡಿದವರಿಗೆ ಇದು ಜಾಸ್ತಿ. ಈಗ ಮನೆಯಲ್ಲೇ ಮೊಬೈಲ್‌ನಲ್ಲಿ ಮುಖ ಗುರುತಿಸಿ ಜೀವನ್ ಪ್ರಮಾಣ್, ಅಂದರೆ ಡಿಜಿಟಲ್ ಜೀವಂತ ಪ್ರಮಾಣಪತ್ರ, ಮಾಡಬಹುದು. ಇಪಿಎಸ್‌ನವರು ನವೆಂಬರ್‌ಗೇ ಕಾಯಬೇಕಿಲ್ಲ, ಯಾವ ತಿಂಗಳಾದರೂ ಸರಿ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತೆ. ಆಧಾರ್, ಪಿಪಿಒ (ಪಿಂಚಣಿ ಆದೇಶ) ನಂಬರ್, ಬ್ಯಾಂಕ್ ಖಾತೆ ನಂಬರ್ ಕೈಲಿರಲಿ. ಕಿಟಕಿ ಬೆಳಕಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ. ಇದರ ನೆಪದಲ್ಲಿ ಅವರ ಹಳೇ ಫೈಲ್ ತೆಗೀರಿ. ಆ ಫೈಲ್‌ನಲ್ಲಿ ಅವರ ಇಡೀ ದುಡಿಮೆ ಇರುತ್ತೆ, ಸೇರಿದ ದಿನ, ಪಿಎಫ್‌ನಿಂದ ಯಾವ ವರ್ಷ ಯಾತಕ್ಕೆ ಸಾಲ ತೆಗೆದರು, ಎಲ್ಲ. ನಮ್ಮಪ್ಪ ಮೂರು ಸಲ ತೆಗೆದಿದ್ದರು. ಒಂದೊಂದಕ್ಕೂ ನಮ್ಮಲ್ಲಿ ಒಬ್ಬರ ಹೆಸರಿದೆ.

ಆರ್.ಟಿ. ನಗರ ಹೊಸ ಅಪ್ಪ

ಇದು ನನ್ನಿಂದಾಗುತ್ತೆ. ಈ ಶನಿವಾರವೇ ಕೂರ್ತೀನಿ ಸರ್.

ಗಂಗಮ್ಮನಗುಡಿ ರಸ್ತೆ

ನಿನ್ನೆ ಮಧ್ಯಾಹ್ನ ಇಡೀ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಮಗು ಅವರ ತೊಡೆ ಮೇಲೆ ಮಲಗಿತ್ತು. ಫಿಟ್ಟರ್ ಸರ್ ಬರೆದದ್ದನ್ನು ಎರಡು ಸಲ ಓದಿಸಿದರು. ಆಮೇಲೆ, "ನೀನು ಒಂದು ತಪ್ಪು ಬರೆದಿದ್ದೀಯ, ತಿದ್ದು" ಅಂದರು.

ರಾತ್ರಿ ಪಾಳಿ ಫೋರ್‌ಮನ್ ಕೊಟ್ಟಿದ್ದಲ್ಲವಂತೆ. ಕೇಳಿದ್ದಕ್ಕೆ ಫೋರ್‌ಮನ್ ಆಗಲ್ಲ ಅಂದರಂತೆ, ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಅಂತ. ಆಗ ಗ್ರೈಂಡಿಂಗ್ ವಿಭಾಗದ ಒಬ್ಬರು ತಾವಾಗಿ ಬಂದು, ನಿನ್ನ ಹಗಲು ನನಗೆ ಕೊಡು, ನನ್ನ ರಾತ್ರಿ ನೀನು ತಗೋ ಅಂದರಂತೆ. ಇಬ್ಬರೂ ಸೇರಿ ಬರೆದುಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿದ್ದು. ರಾತ್ರಿ ಪಾಳಿಗೆ ಭತ್ಯೆ ಇತ್ತು. ಆ ಭತ್ಯೆ ಬಿಟ್ಟುಕೊಟ್ಟವರು ಅವರು, ಮೂರು ಹೆಣ್ಣುಮಕ್ಕಳ ತಂದೆ. ನಾನು ಶಾಲೆಗೆ ಸೇರೋವರೆಗೂ ಹಾಗೇ ನಡೀತಂತೆ. ಅಪ್ಪ ಸ್ವಯಂ ನಿವೃತ್ತಿ ತಗೊಂಡ ಮೇಲೆ ಇಬ್ಬರಿಗೂ ಸಂಪರ್ಕ ತಪ್ಪಿಹೋಯ್ತು. ಆಗ ಅವರ ಮನೆ ಮತ್ತಿಕೆರೆ ಕಡೆ ಇತ್ತು, ಅಷ್ಟೇ ಅಪ್ಪನಿಗೆ ಗೊತ್ತಿರೋದು. "ನನ್ನ ಬಗ್ಗೆ ಬರೆದಿದ್ದು ಸಾಕು, ಅವನು ಎಲ್ಲಿದ್ದಾನೆ ಹುಡುಕು, ನಿನ್ನ ಮಗಳನ್ನ ತೋರಿಸಬೇಕು" ಅಂತಿದ್ದಾರೆ.

ಇಲ್ಲಿ ಹಳೇ ಕಾರ್ಖಾನೆಯವರು ಯಾರಾದರೂ ಇದ್ದರೆ ದಯವಿಟ್ಟು ಸಹಾಯ ಮಾಡಿ. ಹೆಸರನ್ನು ಇಲ್ಲಿ ಹಾಕಲ್ಲ, ಅವರ ಒಪ್ಪಿಗೆ ಇಲ್ಲದೆ ಸರಿಯಲ್ಲ.

ಹಳೇ ಫಿಟ್ಟರ್

ನಿವೃತ್ತರ ಸಂಘದವರು ತಿಂಗಳಿಗೊಮ್ಮೆ ಸೇರ್ತಾರೆ, ಗ್ರೈಂಡಿಂಗ್‌ನವರೂ ಕೆಲವರು ಬರ್ತಾರೆ. ನಾನು ಕೇಳ್ತೀನಿ. ಬರಿ ಹೆಸರು ಸಾಲದು ಮಗೂ, ಒಂದೇ ಹೆಸರಿನವರು ಹತ್ತು ಜನ ಇರ್ತಾರೆ. ಅವರ ಟೋಕನ್ ನಂಬರ್, ಅಂದರೆ ಕಾರ್ಖಾನೆ ಒಬ್ಬೊಬ್ಬರಿಗೂ ಕೊಡೋ ನಂಬರ್, ನೆನಪಿದೆಯಾ ನಿಮ್ಮಪ್ಪನ್ನ ಕೇಳು.

ಗಂಗಮ್ಮನಗುಡಿ ರಸ್ತೆ

ಕೇಳಿದೆ ಸರ್. ಕೇಳಿ ಮುಗಿಸೋ ಮೊದಲೇ ಹೇಳಿದರು. ನಿಮಗೆ ಖಾಸಗಿ ಮೆಸೇಜ್ ಕಳಿಸಿದ್ದೀನಿ, ನೋಡಿ.